ಹೇಳಿದ್ದಕ್ಕೂ ಬಡಿಸಿದ್ದಕ್ಕೂ ಅಂತರವೆಷ್ಟು?
ನಾಗಪುರದ ಬೇಸಿಗೆ ಮದುವೆಗಳಿಗೊಂದು ಲೆಕ್ಕಾಚಾರ

ಊಟ ಕೆಟ್ಟಿತೆಂದರೆ ನಮ್ಮ ವೃತ್ತಿಯಲ್ಲಿ ಮೊದಲು ಬೈಸಿಕೊಳ್ಳುವವರು ಅಡುಗೆ ಭಟ್ಟರು. ಆದರೆ ಎಷ್ಟೋ ಸಲ ತಪ್ಪು ಒಲೆಯ ಮುಂದೆ ಆಗಿರುವುದಿಲ್ಲ. ಆರ್ಡರ್ ಬರೆದುಕೊಂಡ ಪುಸ್ತಕದಲ್ಲೋ, ಅಡುಗೆ ಸಾಗಿಸಿದ ಟೆಂಪೋದಲ್ಲೋ ಆಗಿರುತ್ತದೆ. ಅದನ್ನು ಹುಡುಕುವ ವಿಧಾನಕ್ಕೆ ದೊಡ್ಡ ಕಂಪನಿಗಳು ಗ್ಯಾಪ್ ಅನಾಲಿಸಿಸ್ ಎನ್ನುತ್ತವೆ. ಆಗಬೇಕಾದದ್ದೇನು, ಆಗುತ್ತಿರುವುದೇನು, ನಡುವಿನ ಅಂತರವೆಷ್ಟು, ಅದನ್ನು ಮುಚ್ಚುವುದು ಹೇಗೆ - ಈ ನಾಲ್ಕು ಪ್ರಶ್ನೆಗಳಷ್ಟೇ ಅದರ ತಿರುಳು.

1985ರಲ್ಲಿ ಅಮೆರಿಕದಲ್ಲಿ ಪರಶುರಾಮನ್, ಝೈಥಾಮಲ್, ಬೆರ್ರಿ ಎಂಬ ಮೂವರು ಪ್ರಾಧ್ಯಾಪಕರು ಸೇವಾ ವೃತ್ತಿಗಳಲ್ಲಿ ಇಂಥ ಐದು ಅಂತರಗಳಿವೆ ಎಂದು ತೋರಿಸಿಕೊಟ್ಟರು. ಮೇ ತಿಂಗಳಲ್ಲಿ ನಾಗಪುರದಲ್ಲಿ ಒಂದು ಮದುವೆ, ಹೆಣ್ಣಿನ ಕಡೆಯವರು ಕನ್ನಡಿಗರು, ಗಂಡಿನ ಕಡೆಯವರು ವಿದರ್ಭದವರು ಎಂದಿಟ್ಟುಕೊಂಡು ಅವನ್ನು ನೋಡೋಣ.

1. ಗಿರಾಕಿಯ ಮನಸ್ಸಿನಲ್ಲಿರುವುದಕ್ಕೂ ನಾವು ತಿಳಿದುಕೊಂಡದ್ದಕ್ಕೂ ಇರುವ ಅಂತರ. 'ಸೌತ್ ಇಂಡಿಯನ್ ಊಟ' ಎಂದು ಬರೆದುಕೊಂಡರೆ ಸಾಲದು. ಬೀಗರು ಮೊದಲು ವರಣ-ಭಾತ್, ಮೇಲೆ ತುಪ್ಪ ಬರುತ್ತದೆಂದು ಕಾದಿರುತ್ತಾರೆ. ಎರಡೂ ಮನೆಯವರನ್ನು ಕೇಳಿಯೇ ಪಟ್ಟಿ ಮಾಡಬೇಕು.

2. ತಿಳಿದುಕೊಂಡದ್ದಕ್ಕೂ ಬರೆದಿಟ್ಟ ಅಳತೆಗೂ ಇರುವ ಅಂತರ. 'ಬಿಸಿಬಿಸಿ ಬಡಿಸಿ' ಎಂಬುದು ಮಾತು. 'ಹುಳಿ 60 ಡಿಗ್ರಿಗಿಂತ ಇಳಿಯಬಾರದು' ಎಂಬುದು ಅಳತೆ.

3. ಬರೆದದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರ. 11 ಗಂಟೆಗೆ ಇಳಿಸಬೇಕಾದ ಅಡುಗೆಯನ್ನು, ಇರುವುದೊಂದೇ ಟೆಂಪೋ ಎಂದು 9ಕ್ಕೇ ಇಳಿಸುವುದು.

4. ಕೊಟ್ಟ ಮಾತಿಗೂ ನಡೆಸಿಕೊಟ್ಟದ್ದಕ್ಕೂ ಇರುವ ಅಂತರ. ಇಪ್ಪತ್ತು ಜನ ಬಡಿಸುವವರೆಂದು ಒಪ್ಪಿ ಹನ್ನೆರಡು ಜನರನ್ನು ಕರೆತರುವುದು.

5. ಅತಿಥಿ ನಿರೀಕ್ಷಿಸಿದ್ದಕ್ಕೂ ಎಲೆಯಲ್ಲಿ ಕಂಡದ್ದಕ್ಕೂ ಇರುವ ಅಂತರ. ಮೇಲಿನ ನಾಲ್ಕೂ ಸೇರಿ ಇದಾಗುತ್ತದೆ. ಮುಂದಿನ ಆರ್ಡರ್ ಬರುವುದೋ ಬಿಡುವುದೋ ಇಲ್ಲೇ ತೀರ್ಮಾನ.

ನಾಗಪುರದಲ್ಲಿ ಎರಡನೆಯ ಮತ್ತು ಮೂರನೆಯ ಅಂತರಗಳು ಜನರ ಆರೋಗ್ಯದ ಪ್ರಶ್ನೆಯೂ ಹೌದು. 2011ರ ಆಹಾರ ಸುರಕ್ಷತಾ ಲೈಸೆನ್ಸ್ ನಿಯಮಾವಳಿಯ ಪ್ರಕಾರ ಬಿಸಿಯಾಗಿ ಬಡಿಸುವ ಸಸ್ಯಾಹಾರ 60 ಡಿಗ್ರಿಯಲ್ಲಿ, ತಣ್ಣಗಿರಬೇಕಾದದ್ದು 5 ಡಿಗ್ರಿಯೊಳಗೆ ಇರಬೇಕು. ಇವೆರಡರ ನಡುವೆ ರೋಗಾಣು ಬೆಳೆಯುತ್ತದೆ. ಹೊರಗೇ 44 ಡಿಗ್ರಿ ಇರುವಲ್ಲಿ 'ಆರಲಿ' ಎಂದು ಇಟ್ಟ ಅನ್ನ, ಪಲ್ಯ ಗಂಟೆಗಟ್ಟಲೆ ಆ ನಡುವಿನಲ್ಲೇ ಉಳಿಯುತ್ತವೆ.

ಹಾಗಾದರೆ ಅಂತರ ಎಲ್ಲಿದೆ? ಐದು ಕಡೆ ಗಂಟೆಯನ್ನೂ ಶಾಖವನ್ನೂ ಬರೆದಿಡಿ: ಅಡುಗೆ ಇಳಿಸಿದಾಗ, ಟೆಂಪೋ ಹೊರಟಾಗ, ಹಾಲ್ ತಲುಪಿದಾಗ, ಮೊದಲ ಪಂಕ್ತಿ, ಕೊನೆಯ ಪಂಕ್ತಿ. ಉದಾಹರಣೆಗೆ, ಹುಳಿ ಕ್ರಮವಾಗಿ 95, 90, 80, 74, 52 ಎಂದು ಬಂತೆನ್ನಿ. ದೋಷ ಭಟ್ಟರದ್ದೂ ಅಲ್ಲ, ಡ್ರೈವರನದ್ದೂ ಅಲ್ಲ. ಹಾಲ್‌ನಲ್ಲಿ ದೊಡ್ಡ ಪಾತ್ರೆಯ ಮುಚ್ಚಳ ತೆರೆದೇ ಇಟ್ಟದ್ದು. ಎರಡು ಸಣ್ಣ ಪಾತ್ರೆಗಳಲ್ಲಿ ತಂದು ಒಂದೊಂದಾಗಿ ತೆರೆದು, ಅಲ್ಲೊಂದು ಸಣ್ಣ ಒಲೆ ಇಟ್ಟರೆ ಮುಗಿಯಿತು. ಭಟ್ಟರನ್ನು ಬದಲಿಸಿದ್ದರೆ ಖರ್ಚು ಹೆಚ್ಚುತ್ತಿತ್ತು, ಹುಳಿ ಮಾತ್ರ ಆರುತ್ತಲೇ ಇರುತ್ತಿತ್ತು. ಮೊಸರನ್ನ, ಕೋಸಂಬರಿಗೆ ಲೆಕ್ಕ ತಿರುಗುಮುರುಗು: ಮೊಸರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಪಂಕ್ತಿಗೆ ಬೇಕಾದಷ್ಟೇ ಕಲಸಬೇಕು.

ಅಳೆಯುವ ಥರ್ಮಾಮೀಟರನ್ನೂ ಕಣ್ಣುಮುಚ್ಚಿ ನಂಬಬಾರದು. 2024ರ ಮೇ 30ರಂದು ನಾಗಪುರದ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರ 56 ಡಿಗ್ರಿ ತೋರಿಸಿ ದೇಶವನ್ನೇ ಬೆಚ್ಚಿಬೀಳಿಸಿತು. ಸೆನ್ಸರ್ ಕೆಟ್ಟಿತ್ತೆಂದು ಹವಾಮಾನ ಇಲಾಖೆ ಆಮೇಲೆ ತಿಳಿಸಿತು. ನಮ್ಮ ಥರ್ಮಾಮೀಟರಿನ ಪರೀಕ್ಷೆ ಸುಲಭ. ಪುಡಿ ಮಾಡಿದ ಐಸು ತುಂಬಿದ ನೀರಿನಲ್ಲಿ ಅದ್ದಿದರೆ ಸೊನ್ನೆ ತೋರಿಸಬೇಕು.

ಇನ್ನೊಂದು ಮಾತು. ಹತ್ತು ಅಂತರ ಕಂಡರೆ ಹತ್ತನ್ನೂ ಒಮ್ಮೆಗೇ ಮುಚ್ಚಲು ಹೋಗಬೇಡಿ. ಆರೋಗ್ಯಕ್ಕೆ ಸಂಬಂಧಿಸಿದ್ದು ಮೊದಲು, ದುಡ್ಡು ಸೋರುವುದು ಆಮೇಲೆ, ಅಂದಚಂದ ಕೊನೆಗೆ. ಪ್ರತಿಯೊಂದರ ಮುಂದೆ ಯಾರ ಜವಾಬ್ದಾರಿ, ಯಾವ ತಾರೀಖಿನೊಳಗೆ ಎಂದು ಬರೆಯಿರಿ. ಹೆಸರಿಲ್ಲದ ಕೆಲಸ ಯಾರದ್ದೂ ಅಲ್ಲ. ಮುಂದಿನ ಮದುವೆಯಲ್ಲಿ ಮತ್ತೆ ಅಳೆಯಿರಿ. ಅಂಕಿ ಬದಲಾಗದಿದ್ದರೆ ಅಂತರ ಇನ್ನೂ ಮುಚ್ಚಿಲ್ಲವೆಂದೇ ಅರ್ಥ. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಗಡಿಯಾರ, ಒಂದು ಥರ್ಮಾಮೀಟರ್. ಸದಸ್ಯ ಬಾಂಧವರೇ, ಮುಂದಿನ ಆರ್ಡರಿನಿಂದಲೇ ಶುರು ಮಾಡೋಣ.