ಅರಬ್ಬೀ ಸಮುದ್ರವನ್ನು ಬಿಡದ ತಿಮಿಂಗಿಲ

ಬಂಟ್ವಾಳದ ಮಾರ್ಕೆಟಿಗೆ ಬರುವ ಬೂತಾಯಿಯನ್ನು ತಿಂದು ಬೆಳೆದ ನಮಗೆ, ಅದೇ ಕುಲದ ಮೀನನ್ನು ತಿನ್ನುವ ಮಹಾಪ್ರಾಣಿಯೊಂದು ಪಶ್ಚಿಮದ ಕಡಲಿನಲ್ಲಿದೆಯೆಂಬುದು ತಿಳಿಯದು. ಅದು ಗೂನುಬೆನ್ನಿನ ತಿಮಿಂಗಿಲ.

ಬೇರೆ ಸಾಗರಗಳಲ್ಲಿ ಈ ಜಾತಿಯು ಬೇಸಗೆಯಲ್ಲಿ ಧ್ರುವದ ಕಡೆಯ ತಣ್ಣೀರಿನಲ್ಲಿ ಉಂಡು, ಚಳಿಗಾಲದಲ್ಲಿ ಮರಿ ಹಾಕಲು ಉಷ್ಣವಲಯಕ್ಕೆ ಬರುತ್ತದೆ. ಅರಬ್ಬೀ ಸಮುದ್ರದ್ದು ಮಾತ್ರ ವರ್ಷವಿಡೀ ಇಲ್ಲಿಯೇ ಇರುತ್ತದೆ. ನೈಋತ್ಯ ಮಾರುತ ಬೀಸಿದಾಗ ತಳದ ಸಾರವತ್ತಾದ ನೀರು ಮೇಲೇರಿ ಮೀನು ಹುಲುಸಾಗುತ್ತದೆ. ಮನೆಯಲ್ಲಿಯೇ ಊಟವಿರುವಾಗ ಪರದೇಶವೇಕೆ? ಸುಮಾರು 70,000 ವರ್ಷಗಳಿಂದ ಇವು ಬೇರೆ ಕಡೆಯವುಗಳೊಡನೆ ಬೆರೆತಿಲ್ಲವೆಂದು 2014ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆ ತೋರಿಸಿತು.

ಇದರ ಬಲವಾದ ಸುಳಿವು ದೊರೆತುದು ಒಂದು ಕಳ್ಳಬೇಟೆಯಿಂದ. 1965-66ರಲ್ಲಿ ಸೋವಿಯತ್ ಹಡಗುಗಳು ಓಮಾನ್, ಪಾಕಿಸ್ತಾನ, ಭಾರತಗಳ ಹೊರಗಡಲಿನಲ್ಲಿ ನಿಯಮ ಮೀರಿ 242 ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು. ಲೆಕ್ಕವನ್ನು ಮುಚ್ಚಿಡಲಾಯಿತು. ಆ ಬೇಟೆಪಡೆಯಲ್ಲಿ ಜೀವಶಾಸ್ತ್ರಜ್ಞರಾಗಿದ್ದ ಯೂರಿ ಮಿಖಲೇವ್ ಸೋವಿಯತ್ ಆಡಳಿತ ಅಳಿದ ಮೇಲೆ, 1997ರಲ್ಲಿ, ನಿಜವಾದ ಅಂಕಿಗಳನ್ನು ಪ್ರಕಟಿಸಿದರು. ಹೊಟ್ಟೆಗಳಲ್ಲಿ ಆಹಾರವಿತ್ತು, ಬಸಿರಿನ ಮರಿಗಳ ಅಳತೆ ದಕ್ಷಿಣ ಗೋಳಾರ್ಧದವುಗಳ ಋತುವಿಗೆ ಹೊಂದುತ್ತಿರಲಿಲ್ಲ. ಅಂದರೆ ಇವು ಅಲ್ಲಿಂದ ಬಂದ ಅತಿಥಿಗಳಲ್ಲ. ಕೊಂದವರ ದಫ್ತರವೇ ಉಳಿದವುಗಳ ಪರ ಸಾಕ್ಷಿಯಾದುದು ವಿಚಿತ್ರವಲ್ಲವೆ?

ಉಳಿದವು ಎಷ್ಟು? ಬಾಲದ ಅಡಿಯ ಗುರುತುಗಳ ಫೋಟೋ ಹೋಲಿಸಿ ಎಣಿಸಿದಾಗ ಓಮಾನಿನ ಕಡೆ ಸುಮಾರು 82. ಇವುಗಳನ್ನು 2008ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು. ಈಗಿನ ಭಯ ಈಟಿಯದಲ್ಲ. ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆಗಳದ್ದು, ಹಡಗುಗಳದ್ದು.

ಭಾರತದ ಕಡೆ ಈ ಕೆಲಸವನ್ನು ಕೈಗೊಂಡವರಲ್ಲಿ ದೀಪಾನಿ ಸುತಾರಿಯಾ ಮುಖ್ಯರು. ಚಿಲಿಕಾ ಸರೋವರದ ಇರಾವತಿ ಡಾಲ್ಫಿನ್‌ಗಳನ್ನು ಅಭ್ಯಸಿಸಿ ಡಾಕ್ಟರೇಟ್ ಪಡೆದ ಈಕೆ, ಅನಂತರ ಪಶ್ಚಿಮ ಕರಾವಳಿಯಲ್ಲಿ ತಿಮಿಂಗಿಲಗಳ ಜಾಡು ಹಿಡಿದರು. ಮೀನುಗಾರರನ್ನು ಕೇಳುವುದೂ ಇವರ ವಿಧಾನಗಳಲ್ಲೊಂದು. ಇದು ನನಗೆ ಬಹಳ ಹಿಡಿಸಿತು. ಗೋವೆಯ ಬಳಿ ನೀರಿನಡಿಯಿಟ್ಟ ಯಂತ್ರದಲ್ಲಿ 2017ರಲ್ಲಿ ಗೂನುಬೆನ್ನಿನ ತಿಮಿಂಗಿಲದ ಹಾಡು ದಾಖಲಾಯಿತು. ಅದೇ ವರ್ಷ ಓಮಾನಿನಲ್ಲಿ ಉಪಗ್ರಹ ಸಂಕೇತಯಂತ್ರ ತೊಡಿಸಿದ ‘ಲುಬಾನ್’ ಎಂಬ ಹೆಣ್ಣು ತಿಮಿಂಗಿಲ, ಕಡಲು ದಾಟಿ ಭಾರತದ ದಕ್ಷಿಣ ತುದಿಯವರೆಗೆ ಬಂದು ಮರಳಿತು.

ಬಲೆಗೆ ಸಿಕ್ಕಿದ ತಿಮಿಂಗಿಲವನ್ನು ಬಿಡಿಸಬೇಕಾದರೆ ಬಲೆಯನ್ನು ಕೊಯ್ಯಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಒಂದು ದಿನದ ಸಂಪಾದನೆ ತಪ್ಪಿದರೆ ಒಲೆಯ ಗತಿ ಏನೆಂದು ಬಲ್ಲೆ. ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಕುಳಿತು ‘ಕೊಯ್ದುಬಿಡಿ’ ಎನ್ನುವುದು ಸುಲಭ. ಮಹಾರಾಷ್ಟ್ರ ಸರಕಾರ 2018ರಲ್ಲಿ, ಸಂರಕ್ಷಿತ ಪ್ರಾಣಿಯನ್ನು ಬಿಡಿಸಲು ಬಲೆ ಕೊಯ್ದವರಿಗೆ ನಷ್ಟ ತುಂಬಿಕೊಡುವ ಯೋಜನೆಯನ್ನು ತಂದಿತು. ಬಲೆಯ ಬೆಲೆಯನ್ನು ಮೀನುಗಾರನೊಬ್ಬನ ತಲೆಗೇ ಕಟ್ಟದ ಆ ದಾರಿಯೇ ಸರಿಯೆಂದು ನನಗೆ ತೋರುತ್ತದೆ.