ಹಳ್ಳ ದಾಟಿ ಬಂದ ಹೌಸಿಂಗ್

ಎಂಜಿನ್ ಆಯಿಲ್ ಬದಲಿಸಬೇಕು ಅಂತ ನಮ್ಮ ಕಡೆ ಯಾವ ಡ್ರೈವರಿಗೂ ಹೇಳಿಕೊಡಬೇಕಾಗಿಲ್ಲ. ಕಿಲೋಮೀಟರ್ ಬರೆದಿಟ್ಟುಕೊಂಡು ತಾವೇ ಬರುತ್ತಾರೆ. ಅದೇ ಹಿಂದಿನ ಹೌಸಿಂಗಿನ ಎಣ್ಣೆಯ ಮಾತು ತೆಗೆದರೆ, "ಅದು ಎಲ್ಲಿ ಹೋಗ್ತದ್ರೀ? ಉರಿಯಂಗಿಲ್ಲ, ಸೋರಂಗಿಲ್ಲ, ಒಳಗೇ ಇರ್ತದ" ಅನ್ನುತ್ತಾರೆ. ವಾಡಿಯಲ್ಲಿ ಗ್ಯಾರೇಜ್ ಹಾಕಿದಾಗಿನಿಂದ ಈ ಮಾತು ಕೇಳುತ್ತ ಬಂದಿದ್ದೇನೆ. ಅದರಲ್ಲಿ ಅರ್ಧ ನಿಜವೂ ಇದೆ. ಡಿಫರೆನ್ಷಿಯಲ್ ಎಣ್ಣೆ ಉರಿಯುವುದಿಲ್ಲ, ಎಂಜಿನ್ನಿನಂತೆ ಅದಕ್ಕೆ ಮಸಿ ಬೆರೆಯುವುದಿಲ್ಲ. ಡಾಂಬರು ರಸ್ತೆಯ ಮೇಲೇ ಓಡುವ ಗಾಡಿಯಲ್ಲಿ ಕಂಪನಿಯವರು ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಮುಗಿಯುವವರೆಗೂ ಅದಕ್ಕೆ ಏನೂ ಆಗುವುದಿಲ್ಲ. ಆದರೆ ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಗಣಿಗೆ, ಹೊಲಕ್ಕೆ, ಕಾಡಿಗೆ ಇಳಿಯುವ ಜೀಪು, ಬೊಲೆರೊ, ಕ್ಯಾಂಪರ್, ಥಾರ್‌ಗಳ ಲೆಕ್ಕ ಬೇರೆ. ಇಲ್ಲಿ ಆ ಎಣ್ಣೆಯನ್ನು ಕೆಡಿಸುವುದು ಸುಣ್ಣದಕಲ್ಲಿನ ಧೂಳು ಮತ್ತು ಹಳ್ಳದ ನೀರು. ಈ ಎರಡನ್ನೂ ಕಿಲೋಮೀಟರ್ ಮೀಟರ್ ತೋರಿಸುವುದಿಲ್ಲ.

ಗಾಡಿಯ ಹಿಂದೆ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ, ನೆಲಕ್ಕೆ ಎಲ್ಲಕ್ಕಿಂತ ಹತ್ತಿರವಾಗಿ, ಗುಂಡಗೆ ಉಬ್ಬಿದ ಕಬ್ಬಿಣದ ಭಾಗ ಕಾಣುತ್ತದೆ. ಅದೇ ಹೌಸಿಂಗ್. ಎಂಜಿನ್ನಿನ ಬಲ ಉದ್ದನೆಯ ಶಾಫ್ಟಿನ ಮೂಲಕ ಇದರೊಳಗೆ ಬಂದು ಸಣ್ಣದೊಂದು ಪಿನಿಯನ್ ಗಾಲಿಯನ್ನು ತಿರುಗಿಸುತ್ತದೆ. ಪಿನಿಯನ್ ದೊಡ್ಡ ಕ್ರೌನ್ ಗಾಲಿಯನ್ನು ತಿರುಗಿಸುತ್ತದೆ. ಪಿನಿಯನ್ನಿಗೆ 10 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ ಶಾಫ್ಟು ನಾಲ್ಕು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ಇಳಿದಷ್ಟೂ ಎಳೆಯುವ ಶಕ್ತಿ ಏರುತ್ತದೆ. ಕ್ರೌನಿನ ಜೊತೆ ಒಂದು ಪಂಜರ, ಅದರೊಳಗೆ ಒಂದು ಪಿನ್ನಿನ ಮೇಲೆ ಕುಳಿತ ಪುಟ್ಟ ಗಾಲಿಗಳು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಒಂದೇ ಎಂಜಿನ್ನಿಗೆ ಕಟ್ಟಿದ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಓಡುವಂತೆ ಮಾಡುವುದು ಈ ಪುಟ್ಟ ಗಾಲಿಗಳ ಕೆಲಸ. ಡಿಫರೆನ್ಷಿಯಲ್ ಅನ್ನುವುದು ಇದಕ್ಕೇ. 1820ರ ದಶಕದಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬ ಗಡಿಯಾರ ಕುಶಲಕರ್ಮಿ ಉಗಿಗಾಡಿಗಾಗಿ ಮಾಡಿದ ಯೋಚನೆ ಇದು. ಮೂಲದಲ್ಲಿ ಇವತ್ತಿಗೂ ಅದೇ ನಡೆದಿದೆ.

ಈಗಿನ ಹೆಚ್ಚಿನ ಗಾಡಿಗಳಲ್ಲಿ ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಕೆಳಗೆ ಕೂರುತ್ತದೆ. ಇದಕ್ಕೆ ಹೈಪಾಯ್ಡ್ ಅನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ ಬಂದು ಆಮೇಲೆ ಎಲ್ಲ ಕಡೆ ಹರಡಿತು. ಹೀಗೆ ಕೂತಾಗ ಹಲ್ಲಿನ ಮೇಲೆ ಹಲ್ಲು ಉರುಳುವುದರ ಜೊತೆಗೆ ಜಾರುತ್ತಲೂ ಹೋಗುತ್ತದೆ. ಭಾರಿ ಒತ್ತಡದಲ್ಲಿ ಹಾಗೆ ಜಾರುವಾಗ ಮಾಮೂಲಿ ಎಣ್ಣೆಯ ಪದರ ಒರೆಸಿ ಹೋಗುತ್ತದೆ. ಅದಕ್ಕೇ ಹೌಸಿಂಗ್ ಎಣ್ಣೆಗೆ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಹಲ್ಲು ಬಿಸಿಯಾದ ಜಾಗದಲ್ಲಿ ಅವು ಉಕ್ಕಿನ ಜೊತೆ ಸೇರಿ ತೆಳುವಾದ ರಕ್ಷಾಪದರ ಕಟ್ಟುತ್ತವೆ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವ ವಾಸನೆ ಈ ಗಂಧಕದ್ದು. ವಾಸನೆ ಜೋರಿದೆ ಅಂತ ಎಣ್ಣೆಯ ಮೇಲೆ ಅನುಮಾನ ಪಡಬೇಕಾಗಿಲ್ಲ.

ನಮ್ಮ ಎರೆಭೂಮಿ ಈ ಯಂತ್ರವನ್ನು ಪರೀಕ್ಷೆ ಮಾಡುವಷ್ಟು ಬೇರೆ ನೆಲ ಮಾಡಲಿಕ್ಕಿಲ್ಲ. ಮಳೆಗಾಲದಲ್ಲಿ ತೊಗರಿ ಹೊಲದ ದಾರಿಗೆ ಇಳಿದ ಗಾಡಿಯ ಒಂದು ಚಕ್ರ ಕೆಸರಿನಲ್ಲಿ ಸುತ್ತುತ್ತದೆ, ಇನ್ನೊಂದು ಗಟ್ಟಿ ನೆಲದ ಮೇಲೆ ಸುಮ್ಮನೆ ನಿಲ್ಲುತ್ತದೆ. ಡ್ರೈವರ್ ಆಕ್ಸಿಲರೇಟರ್ ತುಳಿಯುತ್ತಾನೆ. ಸ್ಪೀಡೋಮೀಟರ್ 40 ತೋರಿಸುವಾಗ ಆ ಸುತ್ತುವ ಚಕ್ರ ನಿಜವಾಗಿ 80ರ ವೇಗದಲ್ಲಿರುತ್ತದೆ, ಯಾಕೆಂದರೆ ನಿಂತ ಚಕ್ರದ ಪಾಲಿನ ಸುತ್ತೂ ಅದಕ್ಕೇ ಹೋಗುತ್ತದೆ. ಡಾಂಬರು ರಸ್ತೆಯ ತಿರುವಿನಲ್ಲಿ ಮೆಲ್ಲಗೆ ಹೊರಳುವ ಆ ಪುಟ್ಟ ಗಾಲಿಗಳು ಈಗ ಪಿನ್ನಿನ ಮೇಲೆ ಬಿರುಸಾಗಿ ತಿರುಗುತ್ತವೆ. ಪಿನ್ನಿಗೂ ಗಾಲಿಗೂ ನಡುವಿನ ಸಣ್ಣ ಸಂದಿಗೆ ಆ ವೇಗದಲ್ಲಿ ಸಾಕಷ್ಟು ಎಣ್ಣೆ ಮುಟ್ಟುವುದಿಲ್ಲ. ಹೀಗೆ ನೀಲಿ ಬಣ್ಣಕ್ಕೆ ತಿರುಗಿದ ಪಿನ್ನುಗಳನ್ನು ನಾನು ತೆಗೆದಿದ್ದೇನೆ. ಚಕ್ರದ ಕೆಳಗೆ ತೊಗರಿಕಟ್ಟಿಗೆಯನ್ನೋ ಕಲ್ಲನ್ನೋ ಹಾಕಿ, ಬೇಕಿದ್ದರೆ ಟ್ರಾಕ್ಟರ್ ಕರೆಸಿ ಎಳೆಸಿ. ಕಾಲಿನ ಬಲದಲ್ಲಿ ಗಾಡಿ ಎತ್ತಲು ಹೋಗಬೇಡಿ.

ಇನ್ನು ಧೂಳು. ಭೀಮಾ ಕಣಿವೆಯ ಈ ಸುಣ್ಣದಕಲ್ಲಿನ ಹಾಸು ಇರುವುದಕ್ಕೇ ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದು, ಶಹಾಬಾದ್ ಫರಸಿ ದೇಶದ ತುಂಬ ಮನೆಗಳ ನೆಲವಾದದ್ದು. ಗಣಿಯ ದಾರಿಗಳಲ್ಲಿ ಬೇಸಿಗೆ ಪೂರ್ತಿ ಹಿಟ್ಟಿನಂಥ ಬಿಳಿ ಧೂಳು ಇರುತ್ತದೆ. ಸುಣ್ಣದಕಲ್ಲು ಉಕ್ಕಿಗಿಂತ ಮೆದು. ಹಳ್ಳದ ಮರಳಿನ ಹಾಗೆ ಅದು ಹಲ್ಲನ್ನು ಕೊರೆಯುವುದಿಲ್ಲ. ಅದರ ಕೇಡೆಲ್ಲ ಒಂದು ಚಿಕ್ಕ ಜಾಗದಲ್ಲಿದೆ, ಬ್ರೀದರಿನಲ್ಲಿ.

ಹೌಸಿಂಗಿನ ನೆತ್ತಿಯ ಮೇಲೆ ಬೆರಳ ತುದಿಯಷ್ಟು ದೊಡ್ಡ ಒಂದು ಟೋಪಿ ಇರುತ್ತದೆ. ಅದನ್ನು ನೋಡಿಯೇ ಇಲ್ಲದ ಮಾಲೀಕರು ಬಹಳ ಮಂದಿ. ಗಾಡಿ ಓಡಿದಂತೆ ಹೌಸಿಂಗ್ ಕೈ ಇಟ್ಟರೆ ಸುಡುವಷ್ಟು ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಹೊರಗೆ ಹೋಗಲು, ತಣ್ಣಗಾದಾಗ ಒಳಗೆ ಬರಲು ಇರುವ ದಾರಿ ಅದೊಂದೇ. ಬಿಳಿ ಧೂಳು ಅದರ ಮೇಲೆ ಕೂತು, ಒಂದು ಮಳೆ ಬಿದ್ದು ಒಣಗಿದರೆ ಗಟ್ಟಿ ಹೊಪ್ಪಳೆಯಾಗಿ ಬಾಯಿ ಮುಚ್ಚುತ್ತದೆ. ಆಗ ಗಾಳಿ ಸೀಲುಗಳ ಮೇಲೆ ಒತ್ತುತ್ತದೆ. ಆಕ್ಸಲ್ ಸೀಲ್ ದಾಟಿ ಬಂದ ಎಣ್ಣೆ ಬ್ರೇಕ್ ಡ್ರಮ್ಮಿನೊಳಗೆ ಇಳಿಯುತ್ತದೆ. "ಹಿಂದಿನ ಬ್ರೇಕ್ ಹಿಡೀವಲ್ದು" ಅಂತ ಬರುವ ಗಾಡಿಗಳಲ್ಲಿ ನಾನು ಡ್ರಮ್ ಬಿಚ್ಚುವ ಮೊದಲು ಬ್ರೀದರಿಗೆ ಕೈ ಹಾಕುತ್ತೇನೆ. ಸೀಲ್ ಎಷ್ಟು ಸಲ ಹೊಸದು ಹಾಕಿದರೂ ಬ್ರೀದರ್ ಕಟ್ಟಿದ್ದರೆ ಮತ್ತೆ ಸೋರಿಯೇ ಸೋರುತ್ತದೆ.

ಮಳೆಗಾಲದಲ್ಲಿ ಇದೇ ಕಥೆ ಉಲ್ಟಾ. ಗಣಿಯಿಂದಲೋ ಚಿಂಚೋಳಿಯ ಕುಂಚಾವರಂ ಕಾಡಿನ ದಾರಿಯಿಂದಲೋ ಕಾದ ಹೌಸಿಂಗ್ ಹೊತ್ತು ಬಂದ ಗಾಡಿ ನೇರ ಹಳ್ಳಕ್ಕೆ ಇಳಿಯುತ್ತದೆ. ತಣ್ಣೀರು ತಾಗಿದ ಕ್ಷಣ ಒಳಗಿನ ಗಾಳಿ ಕುಗ್ಗುತ್ತದೆ. ಹೌಸಿಂಗ್ ಹೊರಗಿನಿಂದ ಏನನ್ನಾದರೂ ಹೀರಲೇಬೇಕು. ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ ಅದರ ಮೂಲಕವೇ ನೀರು ಬರುತ್ತದೆ. ಬ್ರೀದರ್ ಕಟ್ಟಿದ್ದರೆ ಸೀಲಿನ ತುಟಿಯ ಸಂದಿಯಿಂದ ಬರುತ್ತದೆ. ಆ ಸೀಲುಗಳು ಎಣ್ಣೆ ಹೊರಗೆ ಹೋಗದಂತೆ ಹಿಡಿಯಲು ಮಾಡಿದವು. ಹೊರಗಿನ ನೀರನ್ನು ತಡೆಯುವ ಶಕ್ತಿ ಅವಕ್ಕೆ ಅಷ್ಟಾಗಿ ಇಲ್ಲ. ಹೀಗೆ ಒಳಬಂದ ನೀರು ಆ ದಿನ ಏನೂ ಹೇಳುವುದಿಲ್ಲ. ಗಾಡಿ ನಿಂತಾಗ ಬೇರಿಂಗಿನ ರೋಲರುಗಳ ಮೇಲೆ ತುಕ್ಕು ಕೂರುತ್ತದೆ, ತುಕ್ಕು ಕೂತಲ್ಲಿ ಗುಳಿ ಬೀಳುತ್ತದೆ. ಹಳ್ಳ ದಾಟಿದ್ದು ಶ್ರಾವಣದಲ್ಲಾದರೆ "ಗುಂಯ್" ಅಂತ ಸದ್ದು ಬರುವುದು ದೀಪಾವಳಿ ಹೊತ್ತಿಗೆ. ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಮಳಖೇಡದ ಕೋಟೆಯ ಪಕ್ಕದಲ್ಲೇ ಹರಿಯುವ ಕಾಗಿಣಾ 2020ರ ಅಕ್ಟೋಬರಿನಲ್ಲಿ ದಂಡೆ ಮೀರಿ ಬಂದದ್ದು, ಅದರ ಬೆನ್ನಿಗೇ ಭೀಮೆ ಉಕ್ಕಿದ್ದು ಈ ಭಾಗದವರು ಯಾರೂ ಮರೆತಿಲ್ಲ. ನೆರೆ ಇಳಿದ ಮೇಲೆ ಮಂದಿ ಎಂಜಿನ್ ತೊಳೆಸಿದರು, ಸೀಟು ಒಣಗಿಸಿದರು, ಸ್ಟಾರ್ಟ್ ಆದ ಕೂಡಲೇ ಓಡಿಸಿದರು. ಮುಳುಗಿದ ಗಾಡಿಯ ಹೌಸಿಂಗ್ ಎಣ್ಣೆ ಬದಲಿಸದೆ ಒಂದು ಊರಿಂದ ಇನ್ನೊಂದು ಊರಿಗೂ ಓಡಿಸಬಾರದು. ಹಳ್ಳ ಭರ್ತಿ ಹರಿಯುವಾಗ ದಾಟುವ ಮಾತಂತೂ ಬೇಡ. ಎಣ್ಣೆ ಬದಲಿಸಬಹುದು, ಜೀವ ಬದಲಿಸಲಾಗುವುದಿಲ್ಲ.

ನೀರು ಹೊಕ್ಕಿದೆಯೋ ಇಲ್ಲವೋ ನೋಡುವುದು ಕಷ್ಟದ ಕೆಲಸವಲ್ಲ. ಗಾಡಿಯನ್ನು ರಾತ್ರಿಯಿಡೀ ಸಮನಾದ ನೆಲದ ಮೇಲೆ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕೆಳಗಿನ ಡ್ರೇನ್ ನಟ್ಟನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಸಡಿಲ ಮಾಡಿ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೊದಲ ಹನಿಗಳು ತಿಳಿಯಾಗಿ ಜಾರಿದರೆ ಅದು ನೀರು. ಹಳ್ಳ ದಾಟಿದ ಮೇಲೆ ಗಾಡಿ ಬಹಳ ಓಡಿದ್ದರೆ ಎಣ್ಣೆ, ನೀರು ಕಡೆದು ಒಂದಾಗಿ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿರುತ್ತದೆ. ಆಗ ಪ್ರಶ್ನೆಯೇ ಇಲ್ಲ. ಎರಡರ ನಡುವೆ ಅನುಮಾನ ಬಂದರೆ ನಾನು ಸ್ಟವ್ ಮೇಲೆ ಒಂದು ಕಬ್ಬಿಣದ ತಗಡು ಕಾಯಿಸಿ ಎರಡು ಹನಿ ಬಿಡುತ್ತೇನೆ. ಶುದ್ಧ ಎಣ್ಣೆ ಸದ್ದಿಲ್ಲದೆ ಹರಡಿ ಹೊಗೆಯಾಡುತ್ತದೆ. ನೀರಿದ್ದರೆ "ಚಟ್ ಚಟ್" ಅಂತ ಸಿಡಿಯುತ್ತದೆ. ಕಣ್ಣಿಗೆ ಕಾಣದಷ್ಟು ನೀರನ್ನೂ ಆ ಸದ್ದು ಹೇಳಿಬಿಡುತ್ತದೆ. ಇದನ್ನು ಗ್ಯಾರೇಜಿನಲ್ಲೇ ಮಾಡಿಸಿ, ಮುಖ ದೂರ ಇರಲಿ.

ಬದಲಿಸುವ ದಿನ ಗಾಡಿಯನ್ನು ಸ್ವಲ್ಪ ಓಡಿಸಿ ತನ್ನಿ, ಬೆಚ್ಚಗಿನ ಎಣ್ಣೆ ಬೇಗ ಇಳಿಯುತ್ತದೆ, ಕೊಳೆಯನ್ನೂ ಜೊತೆಗೆ ತರುತ್ತದೆ. ನನ್ನ ಗ್ಯಾರೇಜಿನ ನೆಲಕ್ಕೆ ಶಹಾಬಾದ್ ಫರಸಿ ಹಾಸಿದೆ. ಮಟ್ಟ ಹಿಡಿದ ನೆಲ ಈ ಕೆಲಸಕ್ಕೆ ಬೇಕೇ ಬೇಕು, ಇಳಿಜಾರಿನಲ್ಲಿ ತುಂಬಿದ ಎಣ್ಣೆಯ ಅಳತೆ ತಪ್ಪುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು, ನಟ್ಟುಗಳ ಸುತ್ತಲಿನ ಧೂಳನ್ನು ಬ್ರಷ್ಷಿನಿಂದ ತೆಗೆದು, ಮೊದಲು ಮೇಲಿನ ಫಿಲ್ಲರ್ ನಟ್ ಬಿಚ್ಚಿ. ಈ ಕ್ರಮ ಮುಖ್ಯ. ಫಿಲ್ಲರ್ ನಟ್ ಎಷ್ಟೋ ಗಾಡಿಗಳಲ್ಲಿ ತುಕ್ಕು ಹಿಡಿದು ಕೂತಿರುತ್ತದೆ. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆ ಇಳಿಸಿ, ಆಮೇಲೆ ಮೇಲಿನದು ಬರದಿದ್ದರೆ ಒಣ ಹೌಸಿಂಗಿನ ಗಾಡಿ ಅಲ್ಲೇ ನಿಲ್ಲಬೇಕಾಗುತ್ತದೆ.

ಡ್ರೇನ್ ನಟ್ಟಿನ ತುದಿಯಲ್ಲಿ ಬಹಳ ಗಾಡಿಗಳಿಗೆ ಅಯಸ್ಕಾಂತ ಇರುತ್ತದೆ. ಅದನ್ನು ಒರೆಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ಅದಕ್ಕೆ ಹತ್ತಿದ ಬೂದು ಬಣ್ಣದ ಲೇಪ ಬೆರಳಿನ ನಡುವೆ ನುಣ್ಣಗೆ ಜಾರಿದರೆ ಅದು ದಿನನಿತ್ಯದ ಸವೆತ, ಹೆದರಬೇಕಿಲ್ಲ. ಚರ್ಮಕ್ಕೆ ಚುಚ್ಚುವ ಚೂರು, ಸೂಜಿಯಂಥ ಎಳೆ ಸಿಕ್ಕರೆ ಬೇರಿಂಗೋ ಹಲ್ಲೋ ಒಡೆಯುತ್ತಿದೆ ಎಂದರ್ಥ. ಬರೀ ಎಣ್ಣೆ ಬದಲಿಸಿ ಕಳಿಸಿದರೆ ಅದು ಗಾಡಿಯವನಿಗೆ ಮಾಡಿದ ದ್ರೋಹ, ಹೌಸಿಂಗ್ ಬಿಚ್ಚಿಯೇ ನೋಡಬೇಕು. ಸದ್ದು ಮುಚ್ಚಲು ದಪ್ಪನೆಯ 140 ನಂಬರ್ ಎಣ್ಣೆ ತುಂಬಿ ಗಾಡಿ ಮಾರುವವರಿದ್ದಾರೆ. ಹಳೆ ಗಾಡಿ ಕೊಳ್ಳುವವರು ಎಣ್ಣೆ ಬದಲಿಸಿದ ಮೇಲೆ ಒಮ್ಮೆ ಓಡಿಸಿ ಕಿವಿಗೊಡಲಿ. ಆಕ್ಸಿಲರೇಟರ್ ತುಳಿದಾಗ, ಬಿಟ್ಟಾಗ ಸದ್ದಿನ ರಾಗ ಬದಲಾದರೆ ದೋಷ ಹೆಚ್ಚಾಗಿ ಕ್ರೌನ್ ಪಿನಿಯನ್ನಿನದು.

ನಮ್ಮಲ್ಲಿ ಡೀಸೆಲ್ಲಿನಿಂದಲೋ ಸೀಮೆಎಣ್ಣೆಯಿಂದಲೋ ಒಳಗೆ ತೊಳೆಯುವ ರೂಢಿ ಇದೆ. ಅದು ಒಳ್ಳೆಯದಲ್ಲ. ಮೂಲೆಯಲ್ಲಿ ಉಳಿದದ್ದು ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ನೀರು ಬೆರೆತಿದ್ದರೆ ಕಡಿಮೆ ಬೆಲೆಯ ಅದೇ ದರ್ಜೆಯ ಹೊಸ ಎಣ್ಣೆ ತುಂಬಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿ, ಆಮೇಲೆ ಕಾಯಂ ಎಣ್ಣೆ ಹಾಕಿ. ಒಂದೂವರೆ ಎರಡು ಲೀಟರಿನ ಆಸುಪಾಸಿನ ಮಾತಿದು. ಹೊಸ ಕ್ರೌನ್ ಪಿನಿಯನ್ ಸೆಟ್ಟಿನ ಬೆಲೆ ಒಮ್ಮೆ ವಿಚಾರಿಸಿದವರು ಈ ಖರ್ಚಿಗೆ ತಕರಾರು ಮಾಡುವುದಿಲ್ಲ. ಫಿಲ್ಲರ್ ತೂತಿನ ಕೆಳತುಟಿಯಿಂದ ಎಣ್ಣೆ ತಾನಾಗಿ ಹೊರಗೆ ಜಿನುಗುವವರೆಗೆ ತುಂಬಿ, ನಿಂತ ಮೇಲೆ ಹೊಸ ವಾಷರ್ ಹಾಕಿ ಮುಚ್ಚಿ.

ಯಾವ ಎಣ್ಣೆ? ಅಂಗಡಿಯಲ್ಲಿ "90 ನಂಬರ್ ಕೊಡ್ರಿ" ಅಂದರೆ ಸಾಲದು. ದಪ್ಪದ ಜೊತೆಗೆ ದರ್ಜೆಯೂ ಬೇಕು. ಹೈಪಾಯ್ಡ್ ಹೌಸಿಂಗಿಗೆ ಸಾಮಾನ್ಯವಾಗಿ ಜಿಎಲ್-5, ದಪ್ಪ 80ಡಬ್ಲ್ಯು-90 ಅಥವಾ ನಿಮ್ಮ ಗಾಡಿಯ ಪುಸ್ತಕ ಹೇಳಿದ್ದು. ಉಳಿದ ಎಣ್ಣೆಯನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ. ಜಿಎಲ್-5ರಲ್ಲಿನ ಗಂಧಕದ ಅಂಶ ಗೇರ್‌ಬಾಕ್ಸಿನ ಹಿತ್ತಾಳೆ ಉಂಗುರಗಳಿಗೆ ಆಗಿಬರದೆ ಹೋಗಬಹುದು, ಅಲ್ಲಿಗೆ ಹೆಚ್ಚಾಗಿ ಜಿಎಲ್-4 ಕೇಳುತ್ತಾರೆ. ಥಾರಿನ ಕೆಲವು ಮಾದರಿಗಳಲ್ಲಿ ಇರುವಂತೆ ತಾನೇ ಲಾಕ್ ಆಗುವ ಡಿಫರೆನ್ಷಿಯಲ್ ಇದ್ದರೆ ಪುಸ್ತಕ ಬಿಟ್ಟು ಬೇರೆ ಯಾರ ಮಾತೂ ಕೇಳಬೇಡಿ, ನನ್ನದೂ ಸೇರಿ.

ಇಳಿಸಿದ ಎಣ್ಣೆಯನ್ನು ಗೆದ್ದಲಿಗೆ ಅಂತ ಬೇಲಿ ಕಂಬಕ್ಕೆ ಬಳಿಯುವುದು, ಗ್ಯಾರೇಜಿನ ಹಿಂದೆ ಚೆಲ್ಲುವುದು ಎರಡೂ ನಿಲ್ಲಬೇಕು. ನಮ್ಮ ನೆಲ ಪದರ ಪದರದ ಕಲ್ಲು, ಸಂದಿಗಳ ಮೂಲಕವೇ ಬಾವಿ, ಬೋರಿಗೆ ನೀರು ಹೋಗುವುದು. ಅದೇ ಸಂದಿಯಲ್ಲಿ ಎಣ್ಣೆಯೂ ಹೋಗುತ್ತದೆ. ಬಳಸಿದ ಎಣ್ಣೆ ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುತ್ತದೆ. ನಾನು ಮುಚ್ಚಳವಿರುವ ಡ್ರಮ್ಮಿನಲ್ಲಿ ಕೂಡಿಟ್ಟು ಪರವಾನಗಿ ಇರುವ ಮರುಸಂಸ್ಕರಣೆಯವರಿಗೇ ಕೊಡುತ್ತೇನೆ.

ಕೊನೆಗೆ, ಎಣ್ಣೆ ಬದಲಿಸಲು ಗಾಡಿ ಬಂದಾಗಲೇ ಬ್ರೀದರಿನ ಕೆಲಸವನ್ನೂ ಮುಗಿಸಿಕೊಳ್ಳಿ. ಟೋಪಿ ತೆಗೆದು ಆ ಜಾಗಕ್ಕೆ ಒಂದು ನಿಪ್ಪಲ್ ಹಾಕಿ, ಎಣ್ಣೆ ತಡೆಯುವ ರಬ್ಬರ್ ಪೈಪ್ ಕೂರಿಸಿ, ಚಾಸಿಯ ಪಕ್ಕದಿಂದ ಮೇಲಕ್ಕೆ, ಹಿಂದಿನ ದೀಪದ ಎತ್ತರಕ್ಕೆ ಒಯ್ಯಿರಿ. ಆಕ್ಸಲ್ ಕುಣಿದಾಗ ಎಳೆದು ಹರಿಯದಷ್ಟು ಸಡಿಲ ಬಿಡಿ, ಆದರೆ ನಡುವೆ ಜೋತುಬಿದ್ದು ನೀರು ನಿಲ್ಲುವ ಬಾಗು ಆಗಬಾರದು. ತುದಿಯ ಬಾಯಿ ಕೆಳಮುಖವಾಗಿರಲಿ, ಧೂಳಿಗೆ ಒಂದು ಸಣ್ಣ ಫಿಲ್ಟರ್ ಇರಲಿ. 4x4 ಗಾಡಿಗೆ ಮುಂದೆಯೂ ಒಂದು ಹೌಸಿಂಗ್ ಇದೆ, ಅದಕ್ಕೂ ಅದರದೇ ಎಣ್ಣೆ, ಅದರದೇ ಬ್ರೀದರ್. ಹಳ್ಳಕ್ಕೆ ಮೊದಲು ಇಳಿಯುವುದು ಅದು. ಅದರ ಪೈಪನ್ನು ಬಾನೆಟ್ಟಿನ ಕೆಳಗೆ, ಎಂಜಿನ್ ಹಿಂದಿನ ಗೋಡೆಯ ಎತ್ತರಕ್ಕೆ ತಂದು ಕಟ್ಟಿ.