ಹೈದರಾಬಾದಿನಿಂದ ಅಲ್ಪದೂರದ ವಿಮಾನಯಾನ

ವಿಮಾನ ಪ್ರಯಾಣವು ಮಹಾನಗರಗಳ ನಡುವಣ ದೂರಸಂಚಾರಕ್ಕೆ ಮಾತ್ರ ಮೀಸಲೆಂಬ ಭಾವನೆ ನಮ್ಮ ದೇಶದಲ್ಲಿ ಬಹುಕಾಲ ಬೇರೂರಿತ್ತು. ಹಾಸನ ಜಿಲ್ಲೆಯ ಗೊರೂರು ಮೂಲದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಸ್ಥಾಪಿಸಿದ ಏರ್ ಡೆಕ್ಕನ್ ಸಂಸ್ಥೆಯು 2003ರ ಆಗಸ್ಟ್ ತಿಂಗಳಲ್ಲಿ ಸೇವೆ ಆರಂಭಿಸಿ, ಈ ಭಾವನೆಯನ್ನು ಸಡಿಲಗೊಳಿಸಿತು. ಉಚಿತ ಊಟೋಪಚಾರವನ್ನು ಕೈಬಿಟ್ಟು ಟಿಕೆಟ್ ದರವನ್ನು ತಗ್ಗಿಸುವ ಕ್ರಮವನ್ನು ಅದು ರೂಢಿಗೆ ತಂದಿತು. 2008ರಲ್ಲಿ ಆ ಸಂಸ್ಥೆಯು ಕಿಂಗ್‌ಫಿಷರ್‌ನೊಡನೆ ವಿಲೀನಗೊಂಡರೂ ಅದು ಹಾಕಿಕೊಟ್ಟ ಮಾರ್ಗ ಉಳಿಯಿತು.

ಅಲ್ಪದೂರ ಏಕೆ ದುಬಾರಿ?

ವಿಮಾನವು ಮೇಲೇರುವಾಗ ಅತಿ ಹೆಚ್ಚು ಇಂಧನವನ್ನು ವ್ಯಯಿಸುತ್ತದೆ. ಆಸನಗಳು ಭರ್ತಿಯಾದರೂ ಖಾಲಿಯಿದ್ದರೂ ಸಿಬ್ಬಂದಿ ವೇತನ, ನಿಲ್ದಾಣ ಶುಲ್ಕ ಮುಂತಾದ ವೆಚ್ಚಗಳು ಬಹುಮಟ್ಟಿಗೆ ಬದಲಾಗುವುದಿಲ್ಲ. ಆದುದರಿಂದ ಹಾರಾಟವು ಕಿರಿದಾದಷ್ಟೂ ಪ್ರತಿ ಕಿಲೋಮೀಟರಿನ ವೆಚ್ಚ ಹೆಚ್ಚುತ್ತದೆ. ಸುಮಾರು 70 ಆಸನಗಳ ಎಟಿಆರ್ ವಿಮಾನಗಳು ಕಡಿಮೆ ಇಂಧನದಿಂದ, ಕಿರಿದಾದ ಓಡುದಾರಿಯಿಂದಲೂ ಹಾರಬಲ್ಲವು. ಸಣ್ಣ ಪಟ್ಟಣಗಳಿಗೆ ಅವು ಹೆಚ್ಚು ಅನುಕೂಲಕರ.

ಉಡಾನ್ ಯೋಜನೆ

ಈ ಅಡಚಣೆಯ ನಿವಾರಣೆಗಾಗಿ ಕೇಂದ್ರ ಸರ್ಕಾರವು 2016ರಲ್ಲಿ ಉಡಾನ್ ಎಂಬ ಪ್ರಾದೇಶಿಕ ಸಂಪರ್ಕ ಯೋಜನೆಯನ್ನು ರೂಪಿಸಿತು. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ಮಾರ್ಗದೊಂದಿಗೆ ಕಡಪ–ಹೈದರಾಬಾದ್ ಹಾಗೂ ನಾಂದೇಡ್–ಹೈದರಾಬಾದ್ ಮಾರ್ಗಗಳಿಗೂ ಚಾಲನೆ ದೊರೆಯಿತು. ಆರಂಭದಲ್ಲಿ ಸುಮಾರು ಒಂದು ಗಂಟೆಯ, ಅಂದರೆ 500 ಕಿಲೋಮೀಟರಿನ ಪ್ರಯಾಣಕ್ಕೆ ರೂ. 2,500 ಗರಿಷ್ಠ ದರವೆಂದು ನಿಗದಿಪಡಿಸಲಾಗಿತ್ತು. ಈ ದರವು ಎಲ್ಲ ಆಸನಗಳಿಗೂ ಅನ್ವಯಿಸುತ್ತಿರಲಿಲ್ಲ. ವಿಮಾನದ ಅರ್ಧದಷ್ಟು, ಆದರೆ 40ನ್ನು ಮೀರದ ಆಸನಗಳನ್ನು ಮಾತ್ರ ಇದಕ್ಕೆ ಮೀಸಲಿಡಲಾಗಿತ್ತು. ಇದರಿಂದ ಸಂಸ್ಥೆಗಳಿಗೆ ಉಂಟಾಗುವ ಕೊರತೆಯನ್ನು ಮೂರು ವರ್ಷಗಳ ಕಾಲ ಸಹಾಯಧನದಿಂದ ತುಂಬಿಕೊಡುವ ಏರ್ಪಾಡಾಯಿತು. ಪ್ರಮುಖ ಮಾರ್ಗಗಳ ವಿಮಾನಗಳ ಮೇಲೆ ವಿಧಿಸಿದ ಸುಂಕ ಹಾಗೂ ರಾಜ್ಯಗಳ ಪಾಲು ಈ ನಿಧಿಯ ಮೂಲಗಳು.

ಕರ್ನಾಟಕಕ್ಕೆ ದೊರೆತ ಪ್ರಯೋಜನ

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣವು 2017ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನೊಡನೆ ಸಂಪರ್ಕ ಪಡೆಯಿತು. ಕಲಬುರಗಿ ನಿಲ್ದಾಣ 2019ರ ನವೆಂಬರ್‌ನಲ್ಲಿ, ಬೀದರ್ ನಿಲ್ದಾಣ 2020ರ ಫೆಬ್ರವರಿಯಲ್ಲಿ ನಾಗರಿಕ ಸೇವೆಗೆ ತೆರೆದವು. 2023ರ ನವೆಂಬರ್‌ನಲ್ಲಿ ಶಿವಮೊಗ್ಗ–ಹೈದರಾಬಾದ್ ಸೇವೆ ಆರಂಭವಾಯಿತು.

ಸ್ಥಿರತೆಯ ಪ್ರಶ್ನೆ

ಮಾರ್ಗವನ್ನು ಆರಂಭಿಸುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಠಿಣ. ಹೈದರಾಬಾದನ್ನು ಕೇಂದ್ರವಾಗಿಸಿಕೊಂಡು ಕಡಪ, ನಾಂದೇಡ್, ವಿದ್ಯಾನಗರಗಳಿಗೆ ಸೇವೆ ಒದಗಿಸಿದ್ದ ಟ್ರೂಜೆಟ್ ಸಂಸ್ಥೆಯ ಹಾರಾಟ 2022ರಲ್ಲಿ ಸ್ಥಗಿತಗೊಂಡಿತು. ಮಹಾಲೇಖಪಾಲರ 2023ರ ವರದಿಯ ಪ್ರಕಾರ, ಯೋಜನೆಯ ಮೊದಲ ಮೂರು ಹಂತಗಳಲ್ಲಿ ಮಂಜೂರಾದ 774 ಮಾರ್ಗಗಳ ಪೈಕಿ 403 ಆರಂಭವಾಗಲೇ ಇಲ್ಲ. ಸಹಾಯಧನದ ಅವಧಿ ಮುಗಿದ ಬಳಿಕವೂ 2023ರ ಮಾರ್ಚ್‌ವರೆಗೆ ಉಳಿದಿದ್ದವು 54 ಮಾತ್ರ. ನೆರವು ನಿಂತ ಮೇಲೆ ಪ್ರಯಾಣಿಕರ ಸಂಖ್ಯೆಯೇ ಮಾರ್ಗದ ಆಧಾರವಾಗುವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರಯಾಣಿಕರ ಗಮನಕ್ಕೆ

ಅಗ್ಗದ ಟಿಕೆಟ್ಟಿನಲ್ಲಿ ಊಟ, ಆಸನದ ಆಯ್ಕೆ, ಹೆಚ್ಚುವರಿ ಸಾಮಾನುಗಳ ಶುಲ್ಕ ಸಾಮಾನ್ಯವಾಗಿ ಸೇರಿರುವುದಿಲ್ಲ. ಹೈದರಾಬಾದಿನ ನಿಲ್ದಾಣವು 2008ರಿಂದ ನಗರದ ಹೊರಗಿನ ಶಂಷಾಬಾದಿನಲ್ಲಿದೆ; ಅಲ್ಲಿಗೆ ಹೋಗಿಬರುವ ವೇಳೆ, ವೆಚ್ಚಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ರೈಲು, ಬಸ್ಸುಗಳೊಡನೆ ಹೋಲಿಸಿ ನೋಡುವುದು ಲೇಸು. ಎರಡೂವರೆ ಗಂಟೆಯೊಳಗಿನ ಹಾರಾಟವು ಎರಡು ಗಂಟೆ ಅಥವಾ ಹೆಚ್ಚು ತಡವಾದಲ್ಲಿ, ಸಕಾಲದಲ್ಲಿ ಹಾಜರಾದ ಪ್ರಯಾಣಿಕರಿಗೆ ಉಪಾಹಾರ ಒದಗಿಸಬೇಕೆಂಬ ನಿಯಮವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ರೂಪಿಸಿದೆ. ಹಾರಾಟ ರದ್ದಾದರೆ ಬದಲಿ ವಿಮಾನವನ್ನಾಗಲಿ ಹಣದ ಮರುಪಾವತಿಯನ್ನಾಗಲಿ ಕೇಳಿ ಪಡೆಯಬಹುದು. ಟಿಕೆಟ್ ಅಗ್ಗದ್ದೆಂಬ ಕಾರಣಕ್ಕೆ ಈ ಹಕ್ಕುಗಳು ಕುಂದುವುದಿಲ್ಲ.